ಕೈಗೆ ತಕ್ಕ ಗಡಿಯಾರ

ಸಂಘದ ಕಳೆದ ಸಲದ ಕೂಟದಲ್ಲಿ, ಭಾಷಣಗಳೆಲ್ಲ ಮುಗಿದು ಉಪ್ಪಿಟ್ಟಿನ ತಟ್ಟೆಗಳು ಕೈಗೆ ಬಂದ ಮೇಲೆ, ಹಿರಿಯರೊಬ್ಬರು ಅಂಗಿಯ ತೋಳನ್ನು ಮೇಲಕ್ಕೆ ಸರಿಸಿ ತಮ್ಮ ಹಳೆಯ ಎಚ್.ಎಂ.ಟಿ. ಜನತಾ ಗಡಿಯಾರವನ್ನು ನಮಗೆಲ್ಲ ತೋರಿಸಿದರು. "ಈಗಿನವರು ಕಟ್ಟುವುದು ಗಡಿಯಾರವಲ್ಲ, ಊಟದ ತಟ್ಟೆ. ನಮ್ಮ ಬೆಂಗಳೂರಿನವರು ನಮ್ಮ ಜನರ ಕೈ ಅಳತೆ ನೋಡಿಯೇ ಇದನ್ನು ಮಾಡಿದ್ದು, ತಿಳಿಯಿತೇ?" ಎಂದರು. ಸುತ್ತ ನಿಂತವರೆಲ್ಲ ತಲೆದೂಗಿದರು. ನಾನೂ ತೂಗಿದೆ. ತವರಿನ ಹೊಗಳಿಕೆಗೆ ಪರಊರಿನಲ್ಲಿರುವ ನಮ್ಮಂಥವರ ತಲೆ ಬಲು ಬೇಗ ತೂಗುತ್ತದೆ.

ಮನೆಗೆ ಬಂದ ಮೇಲೆ ಸಂಶಯ ಹುಟ್ಟಿತು. ಬಿ.ಎಸ್ಸಿ. ಓದಿ ಗುಮಾಸ್ತನಾದವನಿಗೆ ವಿಜ್ಞಾನದಿಂದ ಬೇರೆ ಲಾಭವಾಗದಿದ್ದರೂ ಒಂದು ಚಾಳಿ ಮಾತ್ರ ಅಂಟಿಕೊಂಡಿರುತ್ತದೆ. ಅಳತೆ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಸ್ಕೇಲು ಹುಡುಕುತ್ತಾನೆ. ಹಿರಿಯರ ಮಾತಿನ ಮೊದಲರ್ಧ ಸರಿ, ಎರಡನೆಯ ಅರ್ಧ ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಅವರ ಮೇಲಿನ ಗೌರವಕ್ಕೆ ಕುಂದಿಲ್ಲದಂತೆ ಅದನ್ನು ಇಲ್ಲಿ ಹೇಳಿಬಿಡುತ್ತೇನೆ. ಯಾಕೆಂದರೆ ಆ ಎರಡನೆಯ ಅರ್ಧದ ತಪ್ಪಿನಿಂದ ನಷ್ಟವಾಗುತ್ತಿರುವುದು ಸಣ್ಣ ಕೈಯವರಿಗೇ.

ಎಚ್.ಎಂ.ಟಿ.ಯ ಕೈಗಡಿಯಾರದ ಕಾರ್ಖಾನೆ ಬೆಂಗಳೂರಿನಲ್ಲಿ ಶುರುವಾದದ್ದು 1961ರಲ್ಲಿ, ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ. ಒಳಗಿನ ಯಂತ್ರದ ವಿನ್ಯಾಸವೂ ಅಲ್ಲಿಂದಲೇ ಬಂತು. ನಮ್ಮ ತಂದೆಯವರ ಜನತಾ ಈಗ ನನ್ನ ಮೇಜಿನ ಮೇಲೆಯೇ ಇದೆ. 17 ಜ್ಯುಯೆಲ್, ದಿನಕ್ಕೊಮ್ಮೆ ಕೀಲಿ ಕೊಡಬೇಕು, ಬಿಳಿಯ ಮುಖ, ಕಪ್ಪು ಅಂಕಿ. ಕೀಲಿಯ ಗುಂಡಿಯನ್ನು ಬಿಟ್ಟು ಅಡ್ಡಗಲ ಸುಮಾರು 35 ಮಿ.ಮೀ. ಈ 35 ಎಂಬುದನ್ನು ಯಾರೂ ತುಮಕೂರು ಮಂಡ್ಯಗಳಲ್ಲಿ ಮನೆಮನೆಗೆ ಹೋಗಿ ಕೈ ಅಳೆದು ಗೊತ್ತುಮಾಡಲಿಲ್ಲ. ಆ ಕಾಲಕ್ಕೆ ಇಡೀ ಜಗತ್ತಿನ ಗಂಡಸರ ಗಡಿಯಾರದ ಅಳತೆ ಹೆಚ್ಚುಕಡಿಮೆ ಅದೇ ಆಗಿತ್ತು.

ಹಿಂದಿನದನ್ನು ನೋಡಿ. ಸ್ವಿಟ್ಜರ್ಲೆಂಡಿನ ಪಾಟೆಕ್ ಫಿಲಿಪ್ ಕಂಪನಿ 1932ರಲ್ಲಿ ತಂದ ಕಲಾತ್ರಾವಾ ಎಂಬ ಹೆಸರುವಾಸಿ ಗಡಿಯಾರದ ಅಡ್ಡಗಲ 31 ಮಿ.ಮೀ. ಮಾತ್ರ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರು ಕಟ್ಟಿದ ಎ-11 ಗಡಿಯಾರ ಸುಮಾರು 32 ಮಿ.ಮೀ. ಕಪ್ಪು ಮುಖದ ಮೇಲೆ ದಪ್ಪ ಬಿಳಿ ಅಂಕಿಗಳು. ಕತ್ತಲಲ್ಲಿ, ಮಳೆಯಲ್ಲಿ, ಗುಂಡಿನ ಸುರಿಮಳೆಯಲ್ಲಿ ಅದನ್ನು ನೋಡಿಕೊಂಡೇ ಆರಡಿ ಎತ್ತರದ ಆಸಾಮಿಗಳು ಯುದ್ಧ ಮಾಡಿದರು. ಅದೇ ಗಡಿಯಾರವನ್ನು ಇಂದು ಅಂಗಡಿಗೆ ಒಯ್ದರೆ ಹೆಂಗಸರ ಕಪಾಟಿನಲ್ಲಿ ಇಟ್ಟಾರು. ರೋಲೆಕ್ಸಿನ ಡೇಟ್‌ಜಸ್ಟ್ 1945ರಲ್ಲಿ ಬಂದಾಗ 36 ಮಿ.ಮೀ., ಆಗ ಅದು ದೊಡ್ಡದೇ. 1972ರಲ್ಲಿ ಓಡೆಮಾರ್ ಪಿಗೆ ಕಂಪನಿಯ ರಾಯಲ್ ಓಕ್ 39 ಮಿ.ಮೀ. ಬಂತು, ಅದಕ್ಕೆ ಬಿದ್ದ ಅಡ್ಡಹೆಸರು 'ಜಂಬೋ'. ಇಂದು 39 ಎಂದರೆ ಅಂಗಡಿಯವನು, "ಸಾಹೇಬರೇ, ಇದು ಸ್ವಲ್ಪ ಚಿಕ್ಕದಾಯಿತು" ಎನ್ನುತ್ತಾನೆ.

ಹಾಗಾದರೆ ದೊಡ್ಡ ಗಡಿಯಾರ ಆಗ ಇರಲೇ ಇಲ್ಲವೇ? ಇತ್ತು. ಅದೇ ಯುದ್ಧದಲ್ಲಿ ಜರ್ಮನಿಯ ವಿಮಾನಗಳಲ್ಲಿ ದಾರಿ ಲೆಕ್ಕ ಹಾಕುವವರಿಗೆ 55 ಮಿ.ಮೀ. ಗಡಿಯಾರ ಕೊಟ್ಟಿದ್ದರು. ಆದರೆ ಅವರು ಅದನ್ನು ಬರಿಗೈಗೆ ಕಟ್ಟುತ್ತಿರಲಿಲ್ಲ, ದಪ್ಪ ಚರ್ಮದ ಜಾಕೀಟಿನ ತೋಳಿನ ಮೇಲೆ ಕಟ್ಟುತ್ತಿದ್ದರು. ಅಂದರೆ ಅದು ಕೈಗೆ ಕಟ್ಟಿದ ಸಾಮಾನು, ಕೈಗಡಿಯಾರವಲ್ಲ. ಇಂಥ ಸಾಮಾನಿನ ಮಾದರಿಯನ್ನೇ ಹಿಡಿದು 1990ರ ದಶಕದ ಕೊನೆ ಮತ್ತು 2000ದ ದಶಕದಲ್ಲಿ 44, 46 ಮಿ.ಮೀ. ಗಡಿಯಾರಗಳ ಫ್ಯಾಷನ್ ಎದ್ದಿತು; ಜಾಕೀಟು ಮಾತ್ರ ಬರಲಿಲ್ಲ. ದುಬಾರಿ ಕಂಪನಿಗಳು ಹಿಡಿದ ದಾರಿಯನ್ನು ಅಗ್ಗದ ಕಂಪನಿಗಳೂ ಹಿಡಿದವು. ಈಗ ದುಬಾರಿಯವರು ಹಿಂದಿರುಗುತ್ತಿದ್ದಾರೆ. ರೋಲೆಕ್ಸಿನ ಎಕ್ಸ್‌ಪ್ಲೋರರ್ 2010ರಲ್ಲಿ 36ರಿಂದ 39ಕ್ಕೆ ಏರಿ 2021ರಲ್ಲಿ ಮತ್ತೆ 36ಕ್ಕೆ ಇಳಿಯಿತು. ಅದರ ಬೆಲೆ ಕೇಳುವ ಧೈರ್ಯ ನನಗಿಲ್ಲ, ಆದರೆ ಅಳತೆ ಕೇಳುವುದಕ್ಕೆ ಹಣ ಬೇಕಿಲ್ಲವಲ್ಲ.

ಇಷ್ಟನ್ನೆಲ್ಲ ಹೇಳಿದ್ದು ಯಾಕೆಂದರೆ, "ಜನತಾ ನಮ್ಮ ಕೈಗೆಂದೇ ಮಾಡಿದ್ದು" ಎಂದು ನಾವು ಹೇಳಿದ ಕೂಡಲೇ, ನಮ್ಮ ಕೈಯೇ ಒಂದು ಅಪವಾದ, ಅದಕ್ಕೆ ಒಂದು ವಿಶೇಷ ರಿಯಾಯಿತಿ ಬೇಕು ಎಂದು ನಾವೇ ಒಪ್ಪಿಕೊಂಡಂತಾಗುತ್ತದೆ. ಹಾಗಲ್ಲ. ಅಪವಾದ ಆ 44 ಮಿ.ಮೀ.ನದು. 34, 35, 36 ಎಂದು ಕೇಳುವವನು ದಾಕ್ಷಿಣ್ಯ ಬೇಡುತ್ತಿಲ್ಲ, ವಾಡಿಕೆಯನ್ನು ಕೇಳುತ್ತಿದ್ದಾನೆ. ಅಂಗಡಿಯಲ್ಲಿ ಈ ತಿಳಿವಳಿಕೆಯಿಂದ ನಿಲ್ಲುವುದಕ್ಕೂ, ಕೈ ತೆಳ್ಳಗಿರುವುದಕ್ಕೆ ನಾಚಿಕೊಂಡು ನಿಲ್ಲುವುದಕ್ಕೂ ಬಹಳ ಅಂತರವಿದೆ. ನಾನು ಎರಡನೆಯ ರೀತಿಯಲ್ಲಿ ನಿಂತು ಹಣ ಕಳೆದುಕೊಂಡವನು.

ಅದು ಹೀಗಾಯಿತು. ಕೆಲವು ವರ್ಷಗಳ ಹಿಂದೆ ಬೋನಸ್ಸು ಬಂದಾಗ ನನಗೊಂದು ಹೊಸ ಗಡಿಯಾರ ಕೊಳ್ಳುವ ಆಸೆಯಾಯಿತು. ನನ್ನ ಮಣಿಕಟ್ಟಿನ ಸುತ್ತಳತೆ ಹದಿನೈದೂವರೆ ಸೆಂಟಿಮೀಟರು. ಇಲ್ಲಿಯ ಒಂದು ಅಂಗಡಿಯಲ್ಲಿ 43 ಮಿ.ಮೀ.ನ ಒಂದನ್ನು ಕೈಗೆ ಏರಿಸಿ, "ಈಗ ಕೈಗೆ ಒಂದು ಗತ್ತು ಬಂತು" ಎಂದರು. ಕನ್ನಡಿಯಲ್ಲಿ ದೂರದಿಂದ ನೋಡಿದಾಗ ನನಗೂ ಹಾಗೇ ಅನ್ನಿಸಿತು. ಮನೆಗೆ ಬಂದು ತೋರಿಸಿದರೆ ನಮ್ಮ ತಾಯಿಯವರು ಕನ್ನಡಕ ಏರಿಸಿಕೊಂಡು ನೋಡಿ, "ಕೈಗೆ ಗಡಿಯಾರ ಕಟ್ಟಿದ್ದೀಯೋ, ಗಡಿಯಾರಕ್ಕೆ ಕೈ ಕಟ್ಟಿದ್ದೀಯೋ?" ಎಂದರು. ಆಫೀಸಿನಲ್ಲಿ ಬರೆಯುವಾಗ ಗುಂಡಿ ಮುಂಗೈಗೆ ಚುಚ್ಚುತ್ತಿತ್ತು, ಬಸ್ಸಿನ ಕಂಬಿ ಹಿಡಿದರೆ ಇಡೀ ಗಡಿಯಾರ ಪಕ್ಕಕ್ಕೆ ಜಾರುತ್ತಿತ್ತು. ಎರಡು ತಿಂಗಳಲ್ಲಿ ಅದು ಬೀರು ಸೇರಿತು.

ತಪ್ಪು ಎಲ್ಲಿ ಎಂದು ಆಮೇಲೆ ಅಳೆದು ನೋಡಿದೆ. ಕಂಪನಿಯವರು ದೊಡ್ಡದಾಗಿ ಅಚ್ಚು ಹಾಕಿಸುವುದು ಅಡ್ಡಗಲವೊಂದನ್ನೇ. ಕೈಗೆ ಸರಿಹೊಂದುವುದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಅದಲ್ಲ. ಪಟ್ಟಿ ಸಿಕ್ಕಿಸುವುದಕ್ಕೆ ಗಡಿಯಾರಕ್ಕೆ ಮೇಲೆರಡು ಕೆಳಗೆರಡು ಚಾಚುಗಳಿರುತ್ತವಷ್ಟೆ. ಅಂಗಡಿಯವರು ಲಗ್ ಎನ್ನುತ್ತಾರೆ. ಮೇಲಿನ ಚಾಚಿನ ತುದಿಯಿಂದ ಕೆಳಗಿನ ಚಾಚಿನ ತುದಿಯವರೆಗಿನ ಉದ್ದವೇ ನಿಜವಾದ ಅಳತೆ. ನಾನು ಕೊಂಡದ್ದರಲ್ಲಿ ಅದು 51 ಮಿ.ಮೀ. ನನ್ನ ಮಣಿಕಟ್ಟಿನ ಮೇಲ್ಭಾಗದಲ್ಲಿ ಚಪ್ಪಟೆಯಾಗಿರುವ ಜಾಗ 47. ಅಂದರೆ ಆಚೆಗೆ ಎರಡು, ಈಚೆಗೆ ಎರಡು ಮಿ.ಮೀ. ಗಾಳಿಯಲ್ಲಿ. ಅಂಚಿನಾಚೆ ಚಾಚಿಕೊಂಡ ಮೇಜಿನ ಹಲಗೆಯ ಹಾಗೆ. ಪಟ್ಟಿ ಕೈಯನ್ನು ಅಪ್ಪುವುದರ ಬದಲು ಗಾಳಿಯಿಂದ ಕೆಳಗೆ ಇಳಿಯುತ್ತಿತ್ತು. ತಂದೆಯವರ ಜನತಾದಲ್ಲಿ ಇದೇ ಉದ್ದ ಸುಮಾರು 41.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ದಾರ ಸುತ್ತಿ ಸುತ್ತಳತೆ ತೆಗೆದು, ಇಷ್ಟು ಸೆಂಟಿಮೀಟರಿಗೆ ಇಷ್ಟು ಮಿ.ಮೀ. ಗಡಿಯಾರ ಎಂದು ಕೋಷ್ಟಕ ಕೊಡುವವರುಂಟು. ಆ ಕೋಷ್ಟಕವನ್ನು ನಂಬಬೇಡಿ. ಮಣಿಕಟ್ಟು ವೃತ್ತವಲ್ಲ, ಅಂಡಾಕಾರ. ಸುತ್ತಳತೆ 155 ಮಿ.ಮೀ. ಇರುವ ಕೈ ಪೂರಾ ದುಂಡಗಿದ್ದರೆ ಅದರ ಅಗಲ 49 ಮಿ.ಮೀ.; ಅದೇ 155ರ ಕೈ ಚಪ್ಪಟೆಯಾಗಿ 41 ಮಿ.ಮೀ. ದಪ್ಪವಿದ್ದರೆ ಅಗಲ 57ರವರೆಗೆ ಹೋಗುತ್ತದೆ. ಒಂದೇ ಸುತ್ತಳತೆಯ ಅಣ್ಣ ತಮ್ಮಂದಿರಲ್ಲಿ ಒಬ್ಬನಿಗೆ ಒಪ್ಪಿದ್ದು ಇನ್ನೊಬ್ಬನಿಗೆ ಒಪ್ಪದಿರುವುದು ಇದಕ್ಕೇ. ದಾರ ಬಿಟ್ಟು, ಮಕ್ಕಳ ಕಂಪಾಸ್ ಪೆಟ್ಟಿಗೆಯ ಸ್ಕೇಲನ್ನು ಮಣಿಕಟ್ಟಿನ ಮೇಲೆ ಅಡ್ಡಲಾಗಿಟ್ಟು ಚಪ್ಪಟೆ ಜಾಗ ಎಷ್ಟೆಂದು ನೋಡಿದರೆ ಮುಗಿಯಿತು. ಲಗ್ಗಿನ ತುದಿಗಳು ಅದರ ಒಳಗೆ ನಿಲ್ಲಬೇಕು. ಆ ಚಾಚುಗಳು ಕೆಳಮುಖವಾಗಿ ಬಾಗಿದ್ದರೆ ಒಂದೆರಡು ಮಿ.ಮೀ. ಹೆಚ್ಚಿದ್ದರೂ ಕ್ಷಮಿಸಬಹುದು, ಹಲಗೆಯಂತೆ ನೇರವಾಗಿದ್ದರೆ ಕ್ಷಮಿಸಬಾರದು. ಚೈನಿನ ಗಡಿಯಾರದಲ್ಲಿ ಒಂದು ಮೋಸ ಹೆಚ್ಚು. ಕೆಲವು ಚೈನುಗಳ ಮೊದಲ ಕೊಂಡಿ ಲಗ್ಗಿಗೆ ಅಂಟಿಕೊಂಡು ಬಾಗದೆ ಸೆಟೆದು ನಿಲ್ಲುತ್ತದೆ, ಅದನ್ನೂ ಉದ್ದಕ್ಕೆ ಸೇರಿಸಿಯೇ ಅಳೆಯಬೇಕು.

ಕಣ್ಣಿಗೆ ಕಾಣುವ ದೊಡ್ಡತನವೇ ಬೇರೆ ಲೆಕ್ಕ. 35ಕ್ಕೂ 43ಕ್ಕೂ ಇರುವ ಅಂತರ ಎಂಟೇ ಮಿ.ಮೀ. ಎನ್ನಬೇಡಿ, ಅಡ್ಡಗಲದ ವರ್ಗಕ್ಕೆ ತಕ್ಕಂತೆ ವಿಸ್ತೀರ್ಣ ಏರುತ್ತದೆ, ಆದ್ದರಿಂದ 43ರ ಮುಖ 35ರ ಮುಖದ ಒಂದೂವರೆಪಟ್ಟು. ಚೌಕದ ಗಡಿಯಾರ ಅಷ್ಟೇ ಅಗಲದ ದುಂಡು ಗಡಿಯಾರಕ್ಕಿಂತ ಕಾಲುಪಾಲಿಗೂ ಹೆಚ್ಚು ಜಾಗ ತಿನ್ನುತ್ತದೆ. ಬಿಳಿ ಮುಖ ದೊಡ್ಡದಾಗಿ ಕಾಣುತ್ತದೆ, ಕಪ್ಪು ಚಿಕ್ಕದಾಗಿ. ಸುತ್ತಿನ ಅಂಚು ಸಣ್ಣದಾದಷ್ಟೂ ಮುಖ ಹಿರಿದು. ಇವನ್ನೆಲ್ಲ ಅಂಗಡಿಯ ಕನ್ನಡಿಯಲ್ಲಿ, ಮೂರಡಿ ದೂರದಿಂದ ನೋಡಿ ತೀರ್ಮಾನಿಸಬೇಕು. ಕೈಯನ್ನು ಮೂಗಿನ ಹತ್ತಿರ ಹಿಡಿದರೆ ಎಂಥದೂ ದೊಡ್ಡದೇ. ಆದರೆ ಕನ್ನಡಿ ಅಂದ ಹೇಳುತ್ತದೆಯೇ ಹೊರತು ಆರಾಮ ಹೇಳುವುದಿಲ್ಲ, ನಾನು ಏಮಾರಿದ್ದು ಅಲ್ಲಿಯೇ.

ದಪ್ಪದ ವಿಷಯ ನಮ್ಮ ದೆಹಲಿಯವರಿಗೆ ಹೇಳಬೇಕಾಗಿಲ್ಲ. ಡಿಸೆಂಬರಿನಲ್ಲಿ ಅಂಗಿ, ಅದರ ಮೇಲೆ ಸ್ವೆಟರು, ಅದರ ಮೇಲೆ ಕೋಟು, 13 ಮಿ.ಮೀ. ದಪ್ಪದ ಗಡಿಯಾರ ಈ ಮೂರರ ಕೆಳಗೆ ಹೋಗಲಾರದು, ಹೋದರೆ ಬರಲಾರದು. ಈ ವಿಷಯದಲ್ಲಿ ಹೊಸೂರಿನ ಟೈಟನ್ ಕಂಪನಿಯವರು 2002ರಲ್ಲಿ ತಂದ ಎಡ್ಜ್ ಗಡಿಯಾರವನ್ನು ಮನಸಾರೆ ಹೊಗಳಬೇಕು. ಇಡೀ ಗಡಿಯಾರದ ದಪ್ಪ ಮೂರೂವರೆ ಮಿ.ಮೀ., ಒಳಗಿನ ಯಂತ್ರ 1.15 ಮಿ.ಮೀ. ಆದರೆ ತೆಳುವು ಬೇರೆ, ಚಿಕ್ಕದು ಬೇರೆ. ತೆಳ್ಳಗಿದೆಯೆಂದು ಅಗಲವಾದುದನ್ನು ಕೊಂಡರೆ ಕೈಯ ಮೇಲೆ ದೋಸೆ ಹೊಯ್ದಂತೆ ಆದೀತು. ಕ್ಯಾಸಿಯೊ ಕಂಪನಿಯ ಎಫ್-91ಡಬ್ಲ್ಯು ಎಂಬ ಅಂಕಿಯ ಗಡಿಯಾರ 1989ರಿಂದ ಇದೆ. ಅಗಲ 35, ಉದ್ದ 38, ದಪ್ಪ ಎಂಟೂವರೆ ಮಿ.ಮೀ., ತೂಕ 21 ಗ್ರಾಂ. ಅದರ ರಾತ್ರಿಯ ದೀಪ ಒಂದು ಮಿಣುಕುಹುಳ, ರೂಪಕ್ಕೆ ಮದುವೆಮನೆಗೆ ಸಲ್ಲದು. ಆದರೂ ಸಣ್ಣ ಕೈಯವನು ಹೆಂಗಸರ ಕಪಾಟು, ಗಂಡಸರ ಕಪಾಟು ಎಂಬ ರಗಳೆಯಿಲ್ಲದೆ ಕಟ್ಟಬಹುದಾದ ಗಡಿಯಾರಗಳಲ್ಲಿ ಅದು ಮೊದಲನೆಯ ಸಾಲಿನದು.

ಈ ಕಪಾಟಿನ ಮಾತಿಗೇ ಬರುತ್ತೇನೆ. ನನ್ನ ಮುಖ್ಯ ಆಕ್ಷೇಪ ಇರುವುದು ಇಲ್ಲಿ. ಗಡಿಯಾರದಂಗಡಿಗಳು ಗಿರಾಕಿಗಳನ್ನು ಕೈಯ ಅಳತೆಯಿಂದ ವಿಂಗಡಿಸುವುದಿಲ್ಲ, ಗಂಡು ಹೆಣ್ಣು ಎಂದು ವಿಂಗಡಿಸುತ್ತವೆ. ಗಂಡಸರ ಕಡೆ 40ರಿಂದ ಮೇಲೆ, ಓದಲು ಬರುವ ಮುಖ. ಹೆಂಗಸರ ಕಡೆ 22ರಿಂದ 28, ಕಲ್ಲು, ಹೂವು, ಹೊಳಪು, ಓದಲು ಬಾರದ ಮುಖ. ನಡುವಿನ 30ರಿಂದ 37ರವರೆಗಿನ ಜಾಗ ಬಹುಮಟ್ಟಿಗೆ ಖಾಲಿ. ಇದರಲ್ಲಿ ಒಂದು ತಮಾಷೆಯೂ ಇದೆ. ಕೈಗೆ ಕಟ್ಟುವ ಗಡಿಯಾರ ಮೊದಲು ಹೆಂಗಸರದೇ. ಬ್ರೆಗೆ ಎಂಬ ಪ್ರಸಿದ್ಧ ಗಡಿಯಾರದವನಿಗೆ ನೇಪಲ್ಸಿನ ರಾಣಿ ಕೈಗಡಿಯಾರ ಮಾಡಿಕೊಡೆಂದು ಹೇಳಿದ್ದು 1810ರಲ್ಲಿ. ಗಂಡಸರು ಮೊದಲನೆಯ ಮಹಾಯುದ್ಧದವರೆಗೂ ಬಹುಪಾಲು ಜೇಬಿನ ಗಡಿಯಾರದವರು. ಕೈಗೆ ಕಟ್ಟುವುದು ಹೆಣ್ಣಿಗತನವೆಂದು ಹೀಗಳೆಯುತ್ತಿದ್ದರು. ಈಗ ನೋಡಿದರೆ ಮೊದಲು ಬಂದವರಿಗೇ ಮೂಲೆಯ ಕಪಾಟು.

ಇದು ಬರಿಯ ಅಂದಚಂದದ ದೂರಲ್ಲ. ನಮ್ಮ ತಾಯಿಯವರಿಗೆ ಎಪ್ಪತ್ತು ದಾಟಿದೆ. ಕಣ್ಣಿನ ಪೊರೆಯ ಶಸ್ತ್ರಕ್ರಿಯೆಯಾದ ಮೇಲೆ ದಿನಕ್ಕೆ ಹಲವು ಸಲ ಗೊತ್ತಾದ ಹೊತ್ತಿಗೆ ಕಣ್ಣಿಗೆ ಹನಿ ಹಾಕಿಕೊಳ್ಳಬೇಕಾಗಿತ್ತು. ನಾವಿಬ್ಬರೂ ಆಫೀಸಿಗೆ, ಮಗಳು ಕಾಲೇಜಿಗೆ. ಅವರ ಕೈಯಲ್ಲಿದ್ದದ್ದು ನಾನೇ ಹಿಂದೆ ಕೊಡಿಸಿದ 'ಲೇಡೀಸ್' ಗಡಿಯಾರ, ನಾಲ್ಕಾಣೆ ನಾಣ್ಯದಷ್ಟು ಮುಖ, ಅಂಕಿಗಳೇ ಇಲ್ಲ, ಮುಳ್ಳುಗಳೆರಡೂ ಸುಮಾರಿಗೆ ಒಂದೇ ಉದ್ದ. ಹತ್ತಕ್ಕೆ ಐದು ನಿಮಿಷವಿರುವಾಗ ಹತ್ತೂ ಐವತ್ತು ಎಂದು ಓದಿ, ಹನ್ನೊಂದರ ಹನಿಯನ್ನು ಒಂದು ಗಂಟೆ ಮೊದಲೇ ಹಾಕಿಕೊಂಡರು. ಚಿಕ್ಕ ಮುಳ್ಳು ಯಾವುದು, ದೊಡ್ಡ ಮುಳ್ಳು ಯಾವುದು ಎಂದು ತಿಳಿಯದಿದ್ದರೆ ಆಗುವುದೇ ಹೀಗೆ. ಎರಡು ಸಲ ಹೀಗಾಯಿತು. ಮೊಬೈಲು ಇದೆಯಲ್ಲ ಎಂದರೆ, "ಅದನ್ನು ಹುಡುಕಿ, ಬೆಳಕು ಬರಿಸಿ, ಅದು ಆರುವುದರೊಳಗೆ ಓದಬೇಕು. ನನ್ನ ಕೈಲಾಗದಪ್ಪ. ಕೈ ತಿರುಗಿಸಿದರೆ ಗಂಟೆ ಕಾಣಬೇಕು," ಎಂದರು. ಕೈಗಡಿಯಾರದ ಲಕ್ಷಣವನ್ನು ಇದಕ್ಕಿಂತ ಚೆನ್ನಾಗಿ ಯಾವ ಕಂಪನಿಯ ಜಾಹೀರಾತೂ ಹೇಳಿಲ್ಲ.

ಅವರಿಗಾಗಿ ಅಂಗಡಿಗಳನ್ನು ಸುತ್ತಿದೆ. ಕೈ ಸಣ್ಣದು, ಅಂಕಿ ದೊಡ್ಡದಿರಬೇಕು ಎಂದರೆ, "ಹಾಗಾದರೆ ಜೆಂಟ್ಸ್ ನೋಡಿ" ಎಂದು 42ನ್ನು ತೋರಿಸುತ್ತಾರೆ. ದೊಡ್ಡದಾಯಿತು ಎಂದರೆ ಮತ್ತೆ ಕಲ್ಲಿನ ಹೂವು. ಅಜ್ಜಿಯ ಕೈ ಸಣ್ಣದು, ಕಣ್ಣೂ ಮಂಜು ಎಂಬ ಸಂಗತಿ ಯಾರ ಲೆಕ್ಕಕ್ಕೂ ಬಂದಂತಿಲ್ಲ. ಕೊನೆಗೆ ಮಗಳೇ, "ತಾತನ ಜನತಾ ಸುಮ್ಮನೆ ಇದೆಯಲ್ಲಪ್ಪ" ಎಂದಳು. ಸ್ಕೇಲು ಇಟ್ಟು ನೋಡಿದೆವು. ಅಮ್ಮನ ಮಣಿಕಟ್ಟಿನ ಚಪ್ಪಟೆ ಜಾಗ 44, ಗಡಿಯಾರದ ಉದ್ದ 41. ಕೂತಿತು.

ಕೂತಿತು ಎಂದರೆ ಗಡಿಯಾರ ಕೂತಿತು, ಪಟ್ಟಿ ಕೂರಲಿಲ್ಲ. ಈ ಪಟ್ಟಿಯ ವಿಷಯವನ್ನು ಯಾರೂ ಬರೆಯುವುದಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ಪೇಟೆಯ ಸಾಮಾನ್ಯ ಚರ್ಮದ ಪಟ್ಟಿಯಲ್ಲಿ ಬಕಲಿನ ಕಡೆಯ ತುಂಡು 75 ಮಿ.ಮೀ., ತೂತಿನ ಕಡೆಯದು 115 ಅಥವಾ 120. ಅಮ್ಮನ ಕೈ ಸುತ್ತಳತೆ 140. ಪಟ್ಟಿ ಸಿಕ್ಕಿಸುವ ಎರಡು ಕಡ್ಡಿಗಳ ನಡುವೆ ಗಡಿಯಾರವೇ 38 ಹಿಡಿಯುತ್ತದೆ, ಬಕಲಿನ ತುಂಡು 75, ಉಳಿದದ್ದು 27. ಆದರೆ ಪಟ್ಟಿಯ ಮೊದಲ ತೂತು ಅದಕ್ಕಿಂತ ಎಷ್ಟೋ ಆಚೆಗಿರುತ್ತದೆ. ಮೋಚಿಯ ಹತ್ತಿರ ಹೊಸ ತೂತು ಹೊಡೆಸಿದರೆ ಉಳಿದ ಬಾಲ ಅರ್ಧ ಕೈ ಸುತ್ತಿ ಬರುತ್ತದೆ, ಬಕಲು ಕೆಳಗೆ ನಡುವಿನಲ್ಲಿ ನಿಲ್ಲದೆ ಪಕ್ಕಕ್ಕೆ ಏರುತ್ತದೆ. ಗಿಡ್ಡ ಪಟ್ಟಿ ಬೇಕೆಂದರೆ ಹೆಂಗಸರ ಪಟ್ಟಿ ತೋರಿಸುತ್ತಾರೆ. ಅದರ ಅಗಲ 12 ಅಥವಾ 14, ಜನತಾಕ್ಕೆ ಬೇಕಾದದ್ದು 18. ಅಗಲ 18, ಉದ್ದ ಗಿಡ್ಡ ಎಂಬ ಪಟ್ಟಿ ಕೇಳಿದಾಗ ಮೂರು ಅಂಗಡಿಯವರು ನನ್ನನ್ನು ವಿಚಿತ್ರವಾಗಿ ನೋಡಿದರು. ಮತ್ತೆ ಅದೇ ಗಂಡು ಹೆಣ್ಣಿನ ಲೆಕ್ಕ, ಈ ಸಲ ಚರ್ಮದಲ್ಲಿ. ಕಡೆಗೆ ಪಟ್ಟಿ ಹೊಲಿಯುವ ಮುದುಕರೊಬ್ಬರು ಸಿಕ್ಕರು. ಬಕಲಿನ ತುಂಡು 55, ತೂತಿನ ತುಂಡು 90 ಎಂದು ಚೀಟಿಯಲ್ಲಿ ಬರೆದುಕೊಟ್ಟೆ; ಅರ್ಧ ಗಂಟೆಯಲ್ಲಿ ಹೊಲಿದುಕೊಟ್ಟರು. ತೂತುಗಳನ್ನು ಒತ್ತೊತ್ತಾಗಿ ಹೊಡೆಸಿದೆ, ಏಕೆಂದರೆ ಇಲ್ಲಿಯ ಮೇ ತಿಂಗಳಲ್ಲಿ ಕೈ ಊದಿಕೊಳ್ಳುತ್ತದೆ, ಜನವರಿಯಲ್ಲಿ ಸೊರಗುತ್ತದೆ.

ಕಂಪನಿಯವರಿಗೆ ನಾನು ಕೇಳುವುದು ದೊಡ್ಡದೇನಲ್ಲ. ಅಡ್ಡಗಲದ ಪಕ್ಕದಲ್ಲಿಯೇ ಲಗ್ಗಿನ ತುದಿಯಿಂದ ತುದಿಗೆ ಎಷ್ಟು ಎಂಬುದನ್ನೂ, ದಪ್ಪವನ್ನೂ ಅಚ್ಚು ಹಾಕಿಸಿ. ಪಟ್ಟಿಯನ್ನು ಎರಡು ಉದ್ದದಲ್ಲಿ ಕೊಡಿ. ಒಂದೇ ಮುಖವನ್ನು 34ರಲ್ಲೂ 40ರಲ್ಲೂ ಮಾಡಿ, ಕಪಾಟಿನ ಮೇಲಿನ ಲೇಡೀಸ್ ಜೆಂಟ್ಸ್ ಫಲಕ ತೆಗೆಯಿರಿ. ಎಚ್.ಎಂ.ಟಿ. ಗಡಿಯಾರ ಕಂಪನಿಯನ್ನು ಮುಚ್ಚುವ ತೀರ್ಮಾನವನ್ನು ಸರ್ಕಾರ 2016ರಲ್ಲಿ ಮಾಡಿತು. ಹಳೆಯ ಜನತಾವನ್ನು ಹುಡುಕಿಯೇ ಕೊಳ್ಳಬೇಕು. ಹುಡುಕುವವರು ಒಂದು ಎಚ್ಚರ ವಹಿಸಿ. ಹಳೆಯ ಬಿಡಿಭಾಗ ಕೂಡಿಸಿ, ಮುಖಕ್ಕೆ ಹೊಸ ಬಣ್ಣ ಬಳಿದು ಮಾರುವವರು ಬಹಳ ಮಂದಿ ಇದ್ದಾರೆ. ಎಚ್.ಎಂ.ಟಿ. ಎಂದೂ ಮಾಡಿರದ ಬಣ್ಣದ ಮುಖಗಳು ಪೇಟೆಯಲ್ಲಿ ಓಡಾಡುತ್ತಿವೆ.

ಜನತಾದಲ್ಲಿಯೂ ಒಂದು ಕೊರತೆ ಇದೆ, ಹೇಳದಿದ್ದರೆ ವಿಮರ್ಶೆ ಅಪೂರ್ಣ. ಅದರ ಕೀಲಿಯ ಗುಂಡಿ ಸಣ್ಣದು, ಗಡಿಯಾರದ ಮೈಗೆ ಒತ್ತಿಕೊಂಡಿದೆ. ಸಂಧಿವಾತದ ಬೆರಳಿಗೆ ಸಿಕ್ಕುವುದಿಲ್ಲ. ಬೆಳಿಗ್ಗೆ ಕಾಲೇಜಿಗೆ ಹೊರಡುವ ಮುಂಚೆ ಮಗಳು ಅಜ್ಜಿಯ ಕೈ ಹಿಡಿದು, ಗಡಿಯಾರವನ್ನು ಬಿಚ್ಚಿಕೊಂಡು ಕೀಲಿ ಕೊಟ್ಟು, ಕಿವಿಗಿಟ್ಟು ಕೇಳಿ, ಮತ್ತೆ ಕಟ್ಟಿ ಹೋಗುತ್ತಾಳೆ. ಒಂದು ದಿನ ಮರೆತಳು. ಸಂಜೆ ಬಂದಾಗ ಗಡಿಯಾರ ನಾಲ್ಕು ಗಂಟೆಗೆ ನಿಂತಿತ್ತು, ಹನಿ ಮಾತ್ರ ಸರಿಯಾದ ಹೊತ್ತಿಗೇ ಬಿದ್ದಿತ್ತು. ಹೇಗೆಂದು ಕೇಳಿದರೆ, "ನಿಂತದ್ದು ಕಾಣಿಸಿತಲ್ಲ, ಪಕ್ಕದ ಮನೆಯವರನ್ನು ಕೇಳಿದೆ" ಎಂದರು ಅಮ್ಮ.